ಧಾರವಾಡ ದಕ್ಷಿಣದ ರೂಢಿ

“ಈ ಹೆಸರಿನವರು ಇಬ್ಬರು ಅದಾರ. ಗಂಡನ ಹೆಸರು ಹೇಳ್ರಿ ಅಜ್ಜಿ,” ಎಂದಳು ಮತಗಟ್ಟೆಯ ಅಧಿಕಾರಿ. ಉಡಚವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, ರೂಢಿಯಂತೆ ಹಿಂದಕ್ಕೆ ತಿರುಗಿದಳು. ತಿರುಗಿದ ಮೇಲೆ ನೆನಪಾಯಿತು, ಗೆಳತಿ ಮರಿಯವ್ವ ಈಗಿಲ್ಲ.

ಲಕ್ಷ್ಮೇಶ್ವರ ಇನ್ನೂ ಧಾರವಾಡ ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿದ್ದಾಗ ಶುರುವಾದ ಒಪ್ಪಂದವದು. ಗಂಡನ ಹೆಸರು ಬಾಯಲ್ಲಿ ಬರಬಾರದೆಂಬ ರೂಢಿಯಲ್ಲಿ ಬೆಳೆದವರು ಇಬ್ಬರೂ. ಹಾಗಾಗಿ ಇವಳ ಗಂಡನ ಹೆಸರನ್ನು ಅವಳು ಹೇಳುವಳು, ಅವಳ ಗಂಡನದನ್ನು ಇವಳು. ಆ ಕ್ಷೇತ್ರವೇ ರದ್ದಾಗಿ ಊರು ಹಾವೇರಿಗೆ ಸೇರಿದ ಮೇಲೂ ಇಬ್ಬರೂ ಒಬ್ಬರ ಹಿಂದೊಬ್ಬರು ನಿಂತೇ ಓಟು ಹಾಕಿದ್ದರು.

“ಅಂದಾನಪ್ಪ ಅಂತ ರೀ ಮೇಡಂ,” ಎಂದಳು ಸರದಿಯಲ್ಲಿ ಹಿಂದೆ ನಿಂತಿದ್ದವಳು. ಮರಿಯವ್ವನ ಸೊಸೆ ನಾಗರತ್ನಾ. “ನಮ್ಮತ್ತಿ ಸಾಯೂಮುಂದ ಹೇಳ್ಯಾರ್ರಿ ಯವ್ವಾ, ಓಟಿನ ದಿನ ಉಡಚವ್ವನ ಹಿಂದ ನೀ ನಿಂದ್ರು ಅಂತ.”

“ನಿನ್ನ ಹೊಟ್ಟಿ ತಣ್ಣಗಿರ್ಲಿ,” ಎಂದಳು ಉಡಚವ್ವ. ಅವಳು ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವಷ್ಟರಲ್ಲಿ ಅಧಿಕಾರಿ ನಾಗರತ್ನಾಳಿಗೂ ಅದೇ ಪ್ರಶ್ನೆ ಕೇಳಿದಳು. ದಿನಾ ಓಣಿಗೆಲ್ಲ ಕೇಳುವಂತೆ ಗಂಡನನ್ನು ಹೆಸರು ಹಿಡಿದೇ ಕೂಗುವ ನಾಗರತ್ನಾ, ಸೆರಗನ್ನು ಬಾಯಿಗೆ ಒತ್ತಿಕೊಂಡು ಉಡಚವ್ವನ ಮುಖ ನೋಡುತ್ತ ನಿಂತಳು.