ಬೆರಳಗಲದ ತೊಗಟೆ

"ನಾ ನಿನ್ನ ಗುರ್ತು ಹಿಡಿಯದ ದಿನ ಮರದ ತೊಗಟಿ ಸುತ್ತಲೂ ಉಂಗುರಧಂಗ ತಗದಬಿಡು," ಎಂದು ಈರಬಸಪ್ಪ ಹೆಂಡತಿಯನ್ನು ಕೇಳಿಕೊಂಡಿದ್ದ. ಆಸ್ಪತ್ರೆಯವರು ಜೀವ ಉಳಿಸಲೆಂದು ಅವನ ಸತ್ತ ಸೊಂಟವನ್ನು ಅಂಗಳದ ಅತ್ತಿಮರಕ್ಕೆ ಕಸಿ ಕಟ್ಟಿದ ದಿನ ಅದು. "ಆತು, ತಗೀತೀನಿ," ಎಂದು ಶಾಂತವ್ವ ಮಾತು ಕೊಟ್ಟಿದ್ದಳು.

ಇವತ್ತು ಅವಳು ಗಿರಣಿಯಿಂದ ಬಂದಾಗ ಅವನು ನರಳುತ್ತಲೇ, "ಯಾರವ್ವಾ ನೀ?" ಎಂದ.

ಶಾಂತವ್ವ ಕುಡಗೋಲು ತಂದು, ಅವನ ತಲೆಯಿಂದ ಗೇಣು ಮೇಲೆ ಕಾಂಡದ ಸುತ್ತ ತೊಗಟೆ ಸುಲಿಯತೊಡಗಿದಳು. ಎಲೆಗಳು ಮಾಡಿದ ಅನ್ನ ಅವನಿಗೆ ಇಳಿಯುವುದು ಆ ತೊಗಟೆಯ ಒಳಪದರದಲ್ಲೇ.

"ಯವ್ವಾ, ಮರ ಒಣಗತೈತೇನು?" ಎಂದು ಮಗಳು ನೀಲಮ್ಮ ಕೇಳಿದಳು. ದಿನದಂತೆ ಅಪ್ಪನ ತಲೆ ಬಾಚಲು ಹಣಿಗೆ ಹಿಡಿದು ಬಂದಿದ್ದಳು.

"ಇಷ್ಟ ಲಗೂನ ಇಲ್ಲ. ನೀರು ಒಳಗಿನ ಕಟ್ಟಿಗ್ಯಾಗ ಏರತೈತಿ. ಎಲಿ ಹಸರ ಇರತಾವು."

"ಮತ್ತ ಅಪ್ಪ?"

ಶಾಂತವ್ವ ಕುಡಗೋಲನ್ನು ಮುಂದಕ್ಕೆ ಸರಿಸಿದಳು. ಉಂಗುರ ಕೂಡಲು ಬೆರಳಗಲ ತೊಗಟೆ ಉಳಿದಿತ್ತು. ನೀಲಮ್ಮನ ಹಣಿಗೆ ಅಪ್ಪನ ಕೂದಲ ಸಿಕ್ಕಿನಲ್ಲಿ ತಡೆಯಿತು.

"ಜಗ್ಗಬ್ಯಾಡ, ನೀಲೂ," ಎಂದ ಈರಬಸಪ್ಪ.

ಕುಡಗೋಲು ಅಲ್ಲೇ ನಿಂತಿತು. ಬೆರಳಗಲದ ತೊಗಟೆಯಲ್ಲಿ ಇಳಿಯುವ ಅನ್ನ ಅವನಿಗೆ ಅರೆಹೊಟ್ಟೆಗೂ ಸಾಲದು; ಸಾಯಗೊಡುವುದೂ ಇಲ್ಲ. ಅದು ಗೊತ್ತಿದ್ದೂ ಶಾಂತವ್ವ ಗಾಯಕ್ಕೆ ಹಸಿ ಸೆಗಣಿ ಮೆತ್ತಿ, ಬಟ್ಟೆ ಸುತ್ತಿದಳು.

ಕೊಟ್ಟ ಮಾತನ್ನು ಅವಳು ನಡೆಸಲಿಲ್ಲ.