ಹೊಟ್ಟಿನ ಕುಂಡ

ಅಚ್ಚಿನ ಡಬ್ಬಿಯೊಳಗಿನ ಬಾಟಲಿಯನ್ನು ಎಳೆದೊಡನೆ ಐದನೆಯ ಕುಂಡವೂ ಕುಸಿಯಿತು. ಮರದ ಹೊಟ್ಟಿಗೆ ಅಂಟು ಕಲಸಿದ ಮುದ್ದೆಯನ್ನು ತಿಪ್ಪೆಗೆ ಸುರಿಯಲು ಶೈಲಾ ಎದ್ದಳು. ಸಸಿ ನೆಡುವ ಈ ಕುಂಡದ ಮಾದರಿ ನೋಡಲು ಶನಿವಾರಸಂತೆಯ ನರ್ಸರಿಯವರು ಸಂಜೆಗೇ ಬರುವವರಿದ್ದರು.

“ಇಲ್ಲಿ ಕೊಡು,” ಎಂದರು ಅತ್ತೆ ದಾಕ್ಷಾಯಿಣಮ್ಮ.

“ಗ್ಯಾಸ್ ಹಚ್ಚೋಕೇ ಹೆದರ್ತೀರ, ಇದೇನು ಮಾಡ್ತೀರ ಅತ್ತೆ?”

ದಾಕ್ಷಾಯಿಣಮ್ಮ ಮುದ್ದೆಯನ್ನು ತಮ್ಮತ್ತ ಎಳೆದುಕೊಂಡರು. ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತಲೂ ಹೊಟ್ಟು ತುಂಬಿ, ಮುಷ್ಟಿಯಿಂದ ಪದರಪದರವಾಗಿ ಗಿಡಿದರು. ಮೂವತ್ತು ವರ್ಷ ಪ್ರತಿ ಮುಂಜಾನೆ ಹೊಟ್ಟಿನ ಒಲೆಯನ್ನು ಹೀಗೆಯೇ ತುಂಬಿ, ಬಾಟಲಿ ತೆಗೆದ ತೂತಿನಲ್ಲಿ ಬೆಂಕಿ ಹಚ್ಚಿ, ಹನ್ನೊಂದು ಮಂದಿಗೆ ಬೇಯಿಸಿ ಹಾಕಿದ ಕೈ ಅದು. ಬಾಟಲಿಯನ್ನು ಎಳೆಯದೆ, ಮೆಲ್ಲಗೆ ಅರೆಸುತ್ತು ತಿರುಗಿಸಿ ಮೇಲೆತ್ತಿದರು. ಕುಂಡ ಬಿರಿಯಲಿಲ್ಲ.

“ಅಯ್ಯೋ! ಇನ್ನೊಂದ್ಸಲ ನಿಧಾನಕ್ಕೆ ಮಾಡಿ ಅತ್ತೆ, ನೋಡ್ಕೋತೀನಿ,” ಎಂದು ಶೈಲಾ ಪಕ್ಕದಲ್ಲೇ ಕುಳಿತಳು.

ದಾಕ್ಷಾಯಿಣಮ್ಮನವರ ಎಡಗೈ ಆಗಲೇ ಬೆಂಕಿಪೊಟ್ಟಣಕ್ಕಾಗಿ ನೆಲದ ಮೇಲೆ ತಡಕಾಡುತ್ತಿತ್ತು.