ಇಪ್ಪತ್ತಮೂರನೆಯ ಗುರುತು

ಹಳೆಯ ವಿಮಾನದ ಮೂತಿಯ ಮೇಲಿನ ಇಪ್ಪತ್ತೆರಡು ಹಳದಿ ಗುರುತುಗಳಿಗೆ ಕುಂಕುಮ ಹಚ್ಚಿ, ಇಪ್ಪತ್ತಮೂರನೆಯದಕ್ಕೆ ಬೆರಳು ಚಾಚಿದ ನೀಲವ್ವ ತಡೆದು ಮಗನನ್ನು ಕೇಳಿದಳು: “ಇವೇನೋ ವಿರೂಪಾಕ್ಷ, ದೀಪಾನ?”

ಹೌದು ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಲೆಸ್ಟರ್ ಬಳಿಯ ಈ ಸಂಗ್ರಹಾಲಯದಲ್ಲಿ, ಯುದ್ಧಕಾಲದ ಅಮೆರಿಕನ್ ಬಾಂಬರ್ ವಿಮಾನದ ಈ ಮೂತಿಯ ದುರಸ್ತಿಗೆ ಎರಡು ವರ್ಷದ ರಜೆಗಳನ್ನೆಲ್ಲ ಸುರಿದು, ಖಂಡೇನವಮಿಯ ಆಯುಧಪೂಜೆಗೆಂದು ತಾಯಿಯನ್ನು ಕರೆತಂದವನು ಅವನು. ಹೆಮ್ಮೆಯಿಂದಲೇ ಹೇಳಿದ: “ಬಾಂಬ್, ಅವ್ವಾ. ಜರ್ಮನಿಗೆ ಹೋಗಿ ಹಾಕಿ ಬಂದಾಗೊಮ್ಮೆ ಒಂದೊಂದು ಬರಕೋತಿದ್ರು. ಅಳಿಸಿ ಹೋಗಿದ್ವು, ನಾನ ಮತ್ತ ಬರದೀನಿ.”

“ಎದರ ಮ್ಯಾಲೆ ಹಾಕಿದ್ರು?”

“ಫ್ಯಾಕ್ಟರಿ, ಸ್ಟೇಷನ್... ಊರ ಮ್ಯಾಲೂ. ಯುದ್ಧ ಅವ್ವಾ ಅದು. ಹಾಕಾಕ ಹೋದೋರೂ ಭಾಳ ಮಂದಿ ತಿರುಗಿ ಬರಲಿಲ್ಲ.”

ಸಂಗ್ರಹಾಲಯದವರು ಫೋಟೊ ತೆಗೆಯಲು ಫೋನು ಹಿಡಿದು ನಗುತ್ತ ಕಾಯುತ್ತಿದ್ದರು. ನೀಲವ್ವ ಕುಂಕುಮದ ಬೆರಳನ್ನು ಸೀರೆಗೂ ತಾಗಿಸದೆ, ಹೊಲಸು ಮೆತ್ತಿದವಳಂತೆ ಮೈಯಿಂದ ದೂರ ಹಿಡಿದಳು.

“ಕುಡಗೋಲಿಗೆ ಹಚ್ಚೀನಿ, ಕೂರಿಗಿಗೆ ಹಚ್ಚೀನಿ. ಹೆಣದ ಲೆಕ್ಕಕ್ಕ ಎಂದೂ ಹಚ್ಚಿದ್ದಿಲ್ಲ. ಕೈ ತೊಳಕೋಬೇಕು, ಸಾಬಾನ ಎಲ್ಲೈತಿ?”

ವಿರೂಪಾಕ್ಷ ಮೂಲೆಯ ಬಚ್ಚಲಿನ ಕಡೆ ಕೈ ತೋರಿಸಿದ. ಆ ಕೈಯ ಉಗುರುಗಳ ಸಂದಿಯಲ್ಲಿ ಹಳದಿ ಬಣ್ಣ ಇನ್ನೂ ಅಂಟಿಕೊಂಡಿತ್ತು. ನೀಲವ್ವ ಅದನ್ನೇ ನೋಡಿದಳು.

“ನೀನೂ ನಡಿ.”